ಮೋರಿ ಕಟ್ಟೆಯ ಮೇಲೆ ಮೂರನೇ ಕ್ಲಾಸು

ನನ್ನ ಅಕ್ಕನ ಮಗಳು ನೇತ್ರಾಳಿಗೆ ಈ ವರ್ಷ ಆಲೂರು ಕಡೆಯ ಒಂದು ಸರ್ಕಾರಿ ಶಾಲೆಗೆ ಟೀಚರ್ ಆಗಿ ಆರ್ಡರ್ ಬಂತು. ಸ್ವೀಟ್ ಬಾಕ್ಸ್ ಹಿಡಿದುಕೊಂಡು ಬಂದವಳು ಕೂತ ಕೂಡಲೇ ಕೇಳಿದಳು: "ಚಿಕ್ಕಮ್ಮ, ಇಷ್ಟು ವರ್ಷ ಸರ್ವಿಸ್ ಮಾಡಿದ್ದೀಯಲ್ಲ, ಮಕ್ಕಳು ಗಲಾಟೆ ಮಾಡದ ಹಾಗೆ ಕೂರಿಸೋದು ಹೇಗೆ ಅಂತ ಹೇಳಿಕೊಡು."

ಆ ವಿದ್ಯೆಯಲ್ಲಿ ತಾಲ್ಲೂಕಿಗೇ ಸರಿಸಾಟಿಯಿಲ್ಲದ ಒಬ್ಬರ ಕೈಕೆಳಗೆ ನಾನು ಕೆಲಸ ಮಾಡಿದ್ದೆ. ಅವರ ಕಥೆ ಹೇಳಿದೆ. ಅವಳು ನಕ್ಕು ನಕ್ಕು, ಆಮೇಲೆ ಕಣ್ಣೊರೆಸಿಕೊಂಡು, "ಇದನ್ನ ಬರೆದಿಡು" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಯಾವಾಗ ಹೆಡ್‌ಮಿಸ್ ಆದೆ, ಯಾವ ಇಂಕ್ರಿಮೆಂಟ್ ಯಾಕೆ ತಡವಾಯಿತು ಎಂಬುದೆಲ್ಲ ಇದರಲ್ಲಿಲ್ಲ. ಅದನ್ನು ಕೇಳಿ ನನ್ನ ಮನೆಯವರೇ ಎಷ್ಟೋ ಸಲ ನಿದ್ದೆ ಹೋಗಿದ್ದಾರೆ.

ಹೆತ್ತೂರಿನಿಂದ ಆಚೆ, ಬಸ್ಸು ಕೊನೆಗೆ ತಿರುಗಿಸಿಕೊಳ್ಳುವ ಜಾಗದಲ್ಲಿ ಆ ಶಾಲೆ. ನನಗೆ ಅಲ್ಲಿಗೆ ವರ್ಗವಾದದ್ದು ಜೂನ್ ತಿಂಗಳಲ್ಲಿ. ಬಸ್ಸಿಳಿದು ಕೊಡೆ ಬಿಚ್ಚಿ ನೋಡಿದರೆ ಎದುರಿಗೇ ಶಾಲೆ, ಬಾಗಿಲು ತೆರೆದಿದೆ, ಒಂದು ಸದ್ದಿಲ್ಲ. ಯಾರೋ ದೊಡ್ಡವರು ತೀರಿಕೊಂಡು ರಜೆ ಕೊಟ್ಟಿರಬೇಕು ಎಂದುಕೊಂಡು ಅದೇ ಬಸ್ಸಿಗೆ ವಾಪಸು ಹತ್ತಲು ಹೊರಟೆ. ಕಳೆ ಕೀಳಲು ಹೊರಟಿದ್ದ ಒಬ್ಬ ಹೆಂಗಸು ತಡೆದಳು.

"ಎಲ್ಲಿಗೋಯ್ತೀರಮ್ಮ? ಸ್ಕೂಲ್ ಐತಲ್ಲ."

"ಸದ್ದೇ ಇಲ್ಲವಲ್ಲ?"

"ರುದ್ರಪ್ಪ ಮೇಷ್ಟ್ರು ಇದ್ದ ಮ್ಯಾಕೆ ಎಲ್ಲಿ ಸದ್ದು ಬಂದಾದು ಕಣಮ್ಮ? ಒಳೀಕೆ ಹೋಗಿ, ಎಲ್ಲಾ ಅವ್ರೆ."

ಒಳಗೆ ಹೋದೆ. ನಿಜವಾಗಿ ಎಲ್ಲರೂ ಇದ್ದರು. ಬೆಂಚಿನ ತುಂಬ ಮಕ್ಕಳು, ಒಂದೊಂದು ತುಟಿಯ ಮೇಲೆ ಒಂದೊಂದು ಬೆರಳು. ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಬಿಟ್ಟರೆ ಬೇರೇನಿಲ್ಲ. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಹೆಡ್‌ಮಾಸ್ಟರ್ ರುದ್ರಪ್ಪ ಮೇಷ್ಟ್ರು ನನ್ನ ಆರ್ಡರ್ ಓದಿ, ಕಿವಿಯ ಹತ್ತಿರ ಬಗ್ಗಿ, ಕಳ್ಳತನಕ್ಕೆ ಕರೆಯುವವರ ಹಾಗೆ ಪಿಸುಗುಟ್ಟಿದರು. "ಸ್ವಾಗತ ಗಿರಿಜಾ ಮಿಸ್. ಇಲ್ಲಿ ಮಕ್ಕಳು ಬಹಳ ಒಳ್ಳೆಯವರು."

ಅವರು ಕೆಟ್ಟ ಮನುಷ್ಯರಲ್ಲ. ಇದನ್ನು ಮೊದಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಪ್ಪಾಗಿ ಕಾಣುತ್ತದೆ. ಮದುವೆಯಾಗಿರಲಿಲ್ಲ, ಶಾಲೆಯೇ ಸಂಸಾರ. ನೆನೆದು ಬಂದ ಮಕ್ಕಳ ತಲೆ ತಾವೇ ಒರೆಸುತ್ತಿದ್ದರು. ಬಿಸಿಯೂಟದ ಒಲೆಯ ಮೇಲೆ ಶುಂಠಿ ಕಷಾಯ ಕಾಯಿಸಿ ಎಲ್ಲರಿಗೂ ಕುಡಿಸುತ್ತಿದ್ದರು. ಮಕ್ಕಳನ್ನು ಹೊಡೆಯಬಾರದೆಂಬ ಕಾನೂನು ಬರುವುದಕ್ಕೆ ಎಷ್ಟೋ ಮೊದಲೇ ಅವರು ಕೋಲು ಬಿಟ್ಟವರು. ಅವರಿಗೆ ಕೋಲು ಬೇಕಾಗಿರಲೂ ಇಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿ ಒಮ್ಮೆ ನೋಡಿದರೆ ಮುಗಿಯಿತು, ಕಿಟಕಿಯ ಮೇಲಿನ ಗುಬ್ಬಿ ಕೂಡ ಸುಮ್ಮನಾಗುತ್ತಿತ್ತು. ಸದ್ದಿಲ್ಲದ ಕಡೆ ಪಾಠ ತಾನಾಗಿ ತಲೆಯೊಳಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ. ಇಳಿದಿದೆಯೋ ಇಲ್ಲವೋ ಎಂದು ತಿಳಿಯಲು ಯಾರಾದರೂ ಬಾಯಿ ಬಿಡಬೇಕಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಆ ಮಳೆಗಾಲದಲ್ಲೇ ಸಕಲೇಶಪುರದಲ್ಲಿ ನಮಗೆಲ್ಲ ಒಂದು ತರಬೇತಿ ಆಯಿತು. ಮಕ್ಕಳು ನಗುನಗುತ್ತ ಕಲಿಯಬೇಕು, ಕಲಿಕೆ ಸಂತಸದಾಯಕವಾಗಬೇಕು ಎಂಬುದು ವಿಷಯ. ತರಬೇತಿ ಕೊಡಲು ಬಂದವರು ಎರಡು ದಿನದಲ್ಲಿ ಒಮ್ಮೆಯೂ ನಗಲಿಲ್ಲ. ಮಂಡಿನೋವಿನ ಮೇಷ್ಟ್ರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, "ಈಗ ಎಲ್ಲರೂ ಚಿಟ್ಟೆ. ಹಾರಬೇಕು. ಯಾರು ಹಾರುತ್ತಿಲ್ಲವೋ ಅವರಿಗೆ ಹಾಜರಿ ಇಲ್ಲ" ಎಂದರು. ರುದ್ರಪ್ಪ ಮೇಷ್ಟ್ರು ಪಂಚೆ ಎತ್ತಿ ಕಟ್ಟಿಕೊಂಡು, ಹಾಜರಿಯ ಭಯಕ್ಕೆ, ಗೋಡೆಯಿಂದ ಗೋಡೆಗೆ ಹಾರಿದರು. ಅಷ್ಟು ಗಂಭೀರವಾದ ಚಿಟ್ಟೆಯನ್ನು ನಾನು ಮತ್ತೆ ನೋಡಿಲ್ಲ.

ವಾಪಸು ಬಂದ ಮೇಲೆ ಅವರು ಆದೇಶವನ್ನು ಅಕ್ಷರಶಃ ಪಾಲಿಸಿದರು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳ ಮುಂದೆ ನಿಂತು ಹೇಳಿದರು. "ಇವತ್ತಿನಿಂದ ಸಂತೋಷವಾಗಿ ಕಲಿಯಬೇಕು. ನಗು... ಶುರು!"

ಮಕ್ಕಳು ಒಕ್ಕೊರಲಿನಿಂದ "ಹ್ಹ ಹ್ಹ ಹ್ಹ" ಎಂದರು.

"ಸಾಕು. ಬೆರಳು ಬಾಯಿಗೆ."

ನಗು ಕತ್ತರಿಸಿದಂತೆ ನಿಂತಿತು. ಆ ಒಂದು ವಾರ ದಿನವೂ ಹೀಗೆ ನಡೆಯಿತು. ನಾನು ಶೌಚಾಲಯದ ಹಿಂದೆ ಹೋಗಿ ನಿಂತು ನನ್ನ ಪಾಲಿನ ನಗುವನ್ನು ಮುಗಿಸಿಕೊಂಡು ಬರುತ್ತಿದ್ದೆ.

ಇಂಥ ಶಾಲೆಯಲ್ಲಿ ಮೂರನೇ ಕ್ಲಾಸಿನ ಚೆಲುವಿ ಎಂಬ ಹುಡುಗಿ ಇದ್ದಳು. ಪಕ್ಕದ ಎಸ್ಟೇಟಿನಲ್ಲಿ ಕೂಲಿಯವರಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆಯವಳು. ತಾಯಿ ಪುಟ್ಟಮ್ಮ ತೋಟದ ಕೆಲಸ ಮಾಡುತ್ತಿದ್ದಳು. ಬೇರೆ ಮಕ್ಕಳು ಮೇಷ್ಟ್ರು ಬೆನ್ನು ತಿರುಗಿಸಿದಾಗಲಾದರೂ ಗುಸುಗುಸು ಎನ್ನುತ್ತಿದ್ದವು. ಚೆಲುವಿ ಅದನ್ನೂ ಮಾಡುತ್ತಿರಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುವಳು. ಲೆಕ್ಕ ಸರಿಯಾಗಿ ಬರೆಯುವಳು. ಓದು ಎಂದರೆ ಪುಸ್ತಕ ನೋಡುತ್ತ ತುಟಿ ಬಿಗಿದು ನಿಲ್ಲುವಳು. ಸೇರಿದ ದಿನದಿಂದ ಶಾಲೆಯಲ್ಲಿ ಒಬ್ಬರೂ ಅವಳ ದನಿ ಕೇಳಿಲ್ಲವೆಂದು ಗೊತ್ತಾಯಿತು.

"ಪಾಪ, ಮೂಗಿ" ಎಂದರು ರುದ್ರಪ್ಪ ಮೇಷ್ಟ್ರು. ಅವರ ಕಣ್ಣಲ್ಲಿ ನೀರಿತ್ತು. "ಹಾಸನದಲ್ಲಿ ಇಂಥ ಮಕ್ಕಳಿಗೇ ಶಾಲೆ ಇದೆಯಂತೆ. ಹಾಸ್ಟೆಲ್ಲೂ ಇದೆ. ಕಳಿಸಿಬಿಡೋಣ. ಡಾಕ್ಟರ್ ಸರ್ಟಿಫಿಕೇಟ್ ಒಂದು ಬೇಕು. ನೀವು ಕರಕೊಂಡು ಹೋಗಿಬನ್ನಿ."

ಪುಟ್ಟಮ್ಮನಿಗೆ ಹೇಳಿಕಳಿಸಿದೆವು. ಅವಳು ಹೆದರಿಕೊಂಡು ಬಂದಳು. "ಮನೇಲಿ ಮಾತಾಡ್ತಾಳೆ ಕಣ್ ಸಾ" ಎಂದು ಮೆಲ್ಲಗೆ ಅಂದಳು. ಹೆತ್ತ ಕರುಳು, ಹಾಗೇ ಅನಿಸುತ್ತದೆ ಎಂದು ಮೇಷ್ಟ್ರು ಸಮಾಧಾನ ಮಾಡಿದರು. ನನಗೂ ಹಾಗೇ ಅನಿಸಿತು. ಹಾಸ್ಟೆಲ್ ಎಂಬ ಮಾತು ಕೇಳಿ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇದ್ದ ಒಬ್ಬಳೇ ಮಗಳು ಅದು.

ಮರುದಿನ ಮೂವರೂ ಸಕಲೇಶಪುರದ ಬಸ್ಸು ಹತ್ತಿದೆವು. ಶಾಲೆಯ ಎದುರಿಂದ ಬಸ್ಸು ಹೊರಟಿತು. ಚೆಲುವಿ ಕಿಟಕಿಯ ಹತ್ತಿರ ತುಟಿ ಬಿಗಿದು ಕೂತಿದ್ದಳು. ಮೊದಲ ತಿರುವು ದಾಟಿ ಶಾಲೆ ಮರೆಯಾಯಿತು.

"ಮಿಸ್, ನಿಮ್ ಸೆರಗಲ್ಲಿ ಇಂಬಳ ಐತೆ."

ನಾನು ಕೂಗಿಕೊಂಡು ಎದ್ದುನಿಂತೆ. ಇಂಬಳಕ್ಕೋ, ಅವಳ ದನಿಗೋ, ಇವತ್ತಿಗೂ ಗೊತ್ತಿಲ್ಲ. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ. ಚೆಲುವಿ ರಕ್ತ ಹೀರಲು ಜಾಗ ಹುಡುಕುತ್ತಿದ್ದ ಇಂಬಳವನ್ನು ಎರಡು ಬೆರಳಲ್ಲಿ ಕಿತ್ತು ಕಿಟಕಿಯಿಂದ ಎಸೆದು, "ಹೋಗಣ್ಣ, ಏನೂ ಇಲ್ಲ" ಎಂದು ಕಂಡಕ್ಟರಿಗೆ ರೈಟ್ ಕೊಟ್ಟಳು. ಅಲ್ಲಿಂದ ಅವಳು ಬಾಯಿ ಮುಚ್ಚಲಿಲ್ಲ. ಆ ತೋಟದಲ್ಲಿ ಆನೆ ಬಂದಿತ್ತು, ಈ ಮನೆಯ ನಾಯಿಗೆ ಒಂದು ಕಣ್ಣಿಲ್ಲ, ಡ್ರೈವರಣ್ಣ ಯಾಕೆ ತಿರುವಿನಲ್ಲಿ ಮಾತ್ರ ಹಾರ್ನ್ ಹೊಡೀತಾನೆ, ನೇರ ರಸ್ತೆಯಲ್ಲಿ ದನ ಬಂದರೆ ಏನು ಮಾಡ್ತಾನೆ...

ನಾನು ಪುಟ್ಟಮ್ಮನ ಕಡೆ ತಿರುಗಿದೆ. "ಇಷ್ಟು ಚೆನ್ನಾಗಿ ಮಾತಾಡ್ತಾಳಲ್ಲ! ಮತ್ತೆ ಯಾಕಮ್ಮ ಆಸ್ಪತ್ರೆಗೆ ಹೊರಟೆ?"

"ಮೇಷ್ಟ್ರೇ ಮೂಗಿ ಅಂದ್ಬುಟ್ರಲ್ಲ ಮಿಸ್. ಓದ್ದೋರು. ನಂಗೆ ಕೇಳ್ಸೋದೇ ಸುಳ್ಳಿರ್ಬೇಕು ಅನ್ಕಂಡೆ."

ಈ ಮಾತನ್ನು ನೇತ್ರಾಳಿಗೆ ಎರಡು ಸಲ ಹೇಳಿದೆ. ನಮ್ಮ ಬಾಯಿಂದ ಬಂದದ್ದನ್ನು ಜನ ತಮ್ಮ ಕಿವಿಗಿಂತ ಹೆಚ್ಚು ನಂಬುತ್ತಾರೆ. ಕೆಲಸಕ್ಕೆ ಸೇರುವಾಗ ಇದನ್ನು ಯಾರೂ ನಮಗೆ ಹೇಳುವುದಿಲ್ಲ.

"ಚೆಲುವಿ, ಸ್ಕೂಲಲ್ಲಿ ಯಾಕೆ ಮಾತಾಡಲ್ಲ?"

"ಸ್ಕೂಲಲ್ಲಿ ಮಾತಾಡ್ಬಾರ್ದು ಅಂತ ಮೇಷ್ಟ್ರು ಹೇಳವ್ರೆ. ಒಂದ್ನೇ ಕ್ಲಾಸಿಗೆ ಸೇರಿದ್ ದಿವ್ಸಾನೇ."

"ಬೇರೆಯವರು ಮಾತಾಡ್ತಾರಲ್ಲ?"

"ಅವ್ರು ಹೇಳಿದ್ ಮಾತ್ ಕೇಳಲ್ಲ ಮಿಸ್. ನಾನ್ ಕೇಳ್ತೀನಿ."

ಹೊರಟಿದ್ದಾಗಿದೆ ಎಂದು ಡಾಕ್ಟರಿಗೂ ತೋರಿಸಿದೆವು. ಅವರು ಅವಳ ಕಿವಿ, ಗಂಟಲು ನೋಡಿದರು. ಅವಳು ಅವರ ಕೊರಳಲ್ಲಿದ್ದ ಸ್ಟೆತಾಸ್ಕೋಪು ಕೇಳಿ ಪಡೆದು ತಾಯಿಯ ಎದೆಗೆ ಇಟ್ಟು ನೋಡಿದಳು. ಹೆಣಕ್ಕೆ ಇಟ್ಟರೆ ಏನು ಕೇಳಿಸುತ್ತದೆ ಎಂದು ವಿಚಾರಿಸಿದಳು. ಡಾಕ್ಟರು ನನ್ನನ್ನು ನೋಡಿ ಹೇಳಿದರು. "ಮಾತಿನಲ್ಲಿ ದೋಷ ಏನಿಲ್ಲ ಟೀಚರ್. ಹೊರಗೆ ಬಹಳ ಪೇಷೆಂಟ್ ಕಾಯ್ತಿದ್ದಾರೆ, ದಯವಿಟ್ಟು ಕರಕೊಂಡು ಹೋಗಿ."

ರುದ್ರಪ್ಪ ಮೇಷ್ಟ್ರಿಗೆ ವಿಷಯ ಹೇಳಿದಾಗ ಅವರು ಮೊದಲು ಖುಷಿಪಟ್ಟರು, ಆಮೇಲೆ ಮುಖ ಕೆಂಪಾಯಿತು. "ನಾನು ಹಾಗೆ ಹೇಳೇ ಇಲ್ಲ. ಗಲಾಟೆ ಮಾಡಬೇಡಿ ಅಂದಿದ್ದು. ಮಾತಾಡಬೇಡಿ ಅಂತ ಯಾವ ಮೇಷ್ಟ್ರು ಹೇಳ್ತಾರೆ?" ಚೆಲುವಿಯನ್ನು ಕರೆಸಿ ಎದುರಿಗೆ ನಿಲ್ಲಿಸಿಕೊಂಡರು. "ಮಾತಾಡಮ್ಮ." ಅವಳು ತುಟಿ ಬಿಗಿದಳು. "ನಾನೇ ಹೇಳ್ತಿದ್ದೀನಿ, ಮಾತಾಡು." ಅವಳು ಬೆರಳನ್ನೂ ಬಾಯಿಗೆ ಇಟ್ಟುಕೊಂಡಳು. ಇದು ತನ್ನನ್ನು ಪರೀಕ್ಷೆ ಮಾಡುವ ಉಪಾಯ ಎಂದುಕೊಂಡಿದ್ದಳಂತೆ.

"ಬಸ್ಸಲ್ಲಿ ಮಾತಾಡಿದಳು ಸಾರ್. ಶಾಲೆಯ ಹೊರಗಾದರೆ ಮಾತಾಡ್ತಾಳೆ" ಎಂದೆ.

ಅವರು ಎದ್ದು, ಅವಳ ಕೈ ಹಿಡಿದು ಗೇಟಿನಾಚೆ ಕರೆದುಕೊಂಡು ಹೋದರು. ಅಲ್ಲಿ ರಸ್ತೆಯಡಿ ನೀರು ಹರಿಯಲು ಒಂದು ಮೋರಿ, ಅದರ ಎರಡೂ ಬದಿಗೆ ಮೊಣಕಾಲೆತ್ತರದ ಕಟ್ಟೆ. ಅದರ ಮೇಲೆ ಅವಳನ್ನು ಕೂರಿಸಿ, ತಾವೂ ಕೂತು, ಮೂರನೇ ಕ್ಲಾಸಿನ ಕನ್ನಡ ಪುಸ್ತಕ ಕೊಟ್ಟರು. ಚೆಲುವಿ ಗೇಟನ್ನೊಮ್ಮೆ ನೋಡಿದಳು, ತಾನು ಅದರಾಚೆ ಇದ್ದೇನೆಂದು ಖಚಿತ ಮಾಡಿಕೊಂಡಳು, ಓದಿದಳು. ಒಂದು ಪಾಠವಲ್ಲ, ಇಡೀ ಪುಸ್ತಕ. ನಡುನಡುವೆ ನಿಲ್ಲಿಸಿ, "ಸಾ, ಈ ಪಾಠದ್ ನರಿ ಸುಳ್ಳು. ನಮ್ ತೋಟದ್ ನರಿ ಹಿಂಗ್ ಮಾಡಲ್ಲ" ಎಂದು ತಿದ್ದಿದಳು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಲೇ ಇದ್ದರು.

ಮರುದಿನದಿಂದ ಅವರು ದಿನಾ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗತೊಡಗಿದರು. ಉಳಿದ ಮಕ್ಕಳು ಕಿಟಕಿಗೆ ಜೋತುಬಿದ್ದು ನೋಡಿದವು. ಮಳೆ ಹೊಳವಾದ ಮೇಲೆ ಇಡೀ ಮೂರನೇ ಕ್ಲಾಸು ಮೋರಿಯ ಮೇಲೆ, ಪಕ್ಕದ ಹುಲ್ಲಿನ ಮೇಲೆ ಬಂದು ಕೂತಿತು. ಹೊರಗೆ ಬಂದ ಕೂಡಲೇ ಮಕ್ಕಳಿಗೆ ಬಾಯಿ ಬಂತು. ಕಾಫಿ ಹೂವು ಎಲ್ಲಾ ತೋಟದಲ್ಲೂ ಒಂದೇ ಸಲ ಅರಳಬೇಕೆಂದು ಗಿಡಗಳಿಗೆ ಯಾರು ಹೇಳುತ್ತಾರೆ? ಇಂಬಳಕ್ಕೆ ಮೂಗಿದೆಯೇ? ಮೇಷ್ಟ್ರಿಗೆ ಯಾಕೆ ಮದುವೆಯಾಗಿಲ್ಲ? ಮೊದಲ ಎರಡಕ್ಕೆ ಅವರು ಪುಸ್ತಕ ಹುಡುಕಿ ಉತ್ತರ ತಂದರು. ಮೂರನೆಯದನ್ನು ಸಿಲಬಸ್‌ನಲ್ಲಿಲ್ಲ ಎಂದು ತಳ್ಳಿಹಾಕಿದರು.

ಊರಿನವರಿಗೆ ಇದು ಸರಿಬರಲಿಲ್ಲ. ಮೇಷ್ಟ್ರಿಗೆ ತಲೆ ಕೆಟ್ಟಿದೆ, ಸ್ಕೂಲು ಬೀದಿಗೆ ಬಂದಿದೆ ಎಂಬ ಸುದ್ದಿ ಹಬ್ಬಿತು. ಆ ವರ್ಷವೇ ಸಕಲೇಶಪುರದ ಒಂದು ಇಂಗ್ಲಿಷ್ ಸ್ಕೂಲಿನ ವ್ಯಾನು ಹೆತ್ತೂರಿನವರೆಗೆ ಬರಲು ಶುರುವಾಗಿತ್ತು. ಹಲವರು ಟಿಸಿ ಕೇಳುತ್ತೇವೆ ಎಂದರು. ಅಷ್ಟು ಮಕ್ಕಳು ಹೋದರೆ ನಮ್ಮ ಶಾಲೆಗೆ ಬೀಗ ಬೀಳುತ್ತಿತ್ತು. ಲೈನ್ ಮನೆಯ ಮಕ್ಕಳಿಗೆ ವ್ಯಾನೂ ಇಲ್ಲ, ಬೇರೆ ಶಾಲೆಯೂ ಇಲ್ಲ. ನಾನು ರುದ್ರಪ್ಪ ಮೇಷ್ಟ್ರಿಗೆ ಹೇಳಿದೆ. "ಸಾರ್, ಒಳಗೇ ಮಾತಾಡಬಹುದು ಅಂತ ಪ್ರಾರ್ಥನೆಯಲ್ಲಿ ಒಂದು ಮಾತು ಹೇಳಿಬಿಡಿ. ಎಲ್ಲಾ ಸರಿಹೋಗುತ್ತೆ."

"ನಾನು ಮಾಡದೇ ಇರೋ ನಿಯಮಾನ ನಾನು ಹೇಗೆ ರದ್ದು ಮಾಡಲಿ?" ಎಂದರು. ಆ ಮಾತಿಗೇ ಕಚ್ಚಿಕೊಂಡು ನಿಂತರು.

ಕಡೆಗೆ ಶಾಲೆಯ ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಅಧ್ಯಕ್ಷ ಮಲ್ಲೇಶ ಸಭೆ ಕರೆದ. ಸಣ್ಣ ಬೆಳೆಗಾರ, ಮಗ ನಮ್ಮ ಮೂರನೇ ಕ್ಲಾಸಿನಲ್ಲೇ ಓದುತ್ತಿದ್ದ. ಮಲ್ಲೇಶನ ಗಂಟಲು ಎಂಥದ್ದೆಂದರೆ ಪಂಚಾಯಿತಿ ಸಭೆಯಲ್ಲಿ ಅವನಿಗೆ ಮೈಕು ಕೊಡುತ್ತಿರಲಿಲ್ಲ. ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಸಾಹೇಬರೂ ಜೀಪಿನಲ್ಲಿ ಬಂದರು. ನೋಟೀಸು ಕೊಡುವುದೆಂದು ನಿರ್ಧರಿಸಿಯೇ ಬಂದಂತಿತ್ತು. ಆಫೀಸು ಕೋಣೆಯಲ್ಲಿ ಎಲ್ಲರೂ ಸೇರಿದರು.

"ಹೇಳ್ರಿ ಅಧ್ಯಕ್ಷರೇ, ನಿಮ್ಮ ದೂರು ಏನು?" ಎಂದರು ಬಿಇಒ.

ಮಲ್ಲೇಶ ಎದ್ದುನಿಂತ. ರುದ್ರಪ್ಪ ಮೇಷ್ಟ್ರ ಕಡೆ ನೋಡಿದ. ಅವರು ಏನನ್ನೂ ಯೋಚಿಸದೆ, ಅಭ್ಯಾಸಬಲದಿಂದ, ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು.

"ಅದು... ಸಾ... ಏನಂದ್ರೆ..." ಎಂದು ಮಲ್ಲೇಶ ನಿಂತುಬಿಟ್ಟ. ಕೈ ಕಟ್ಟಿಕೊಂಡಿದ್ದ.

"ಕೂತ್ಕೊಂಡು ಹೇಳ್ರಿ."

"ಇರ್ಲಿ ಸಾ."

ಅವನೂ ಒಂದನೇ ಕ್ಲಾಸಿನಿಂದ ಏಳನೆಯವರೆಗೆ ಅದೇ ಮೇಷ್ಟ್ರ ಕೈಯಲ್ಲಿ ಓದಿದವನೆಂಬುದು ನನಗೆ ಆಗ ನೆನಪಾಯಿತು. ರುದ್ರಪ್ಪ ಮೇಷ್ಟ್ರು ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ಎದ್ದರು. "ಮಲ್ಲೇಶ, ಹೊರಗೆ ಬಾ."

ಏಟು ತಿನ್ನಲು ಹೊರಟವನಂತೆ ಅವನು ಹಿಂದೆ ಹೋದ. ನಾವೆಲ್ಲ ಅವನ ಹಿಂದೆ ಹೋದೆವು. ಬಿಇಒ ಸಾಹೇಬರು ಏನೆಂದು ತಿಳಿಯದೆ ಫೈಲು ಹಿಡಿದುಕೊಂಡು ಬಂದರು. ಮೇಷ್ಟ್ರು ಮೋರಿ ಕಟ್ಟೆಯ ಮೇಲೆ ಮಲ್ಲೇಶನನ್ನು ಕೂರಿಸಿ, ಪಕ್ಕದಲ್ಲಿ ಕೂತರು. "ಈಗ ಹೇಳಪ್ಪ."

ಮಲ್ಲೇಶ ಗೇಟಿನ ಕಡೆ ನೋಡಿದ, ಥೇಟ್ ಚೆಲುವಿಯ ಹಾಗೆ. ಗಂಟಲು ಸರಿಮಾಡಿಕೊಂಡ.

"ನನ್ ಮಗ ರಸ್ತೇಲಿ ಕೂತ್ಕಂಡು ಪಾಠ ಕೇಳೋದು ನಂಗೆ ಸರಿಬರ್ತಿಲ್ಲ ಸಾ!"

ಎದುರಿನ ಸಿಲ್ವರ್ ಮರದಿಂದ ಹಕ್ಕಿಗಳು ಎದ್ದವು. ಒಮ್ಮೆ ಬಾಯಿ ಬಿಟ್ಟ ಮೇಲೆ ಅವನಿಗೆ ತಡೆಯಲಾಗಲಿಲ್ಲ.

"ಆದ್ರೆ ಒಂದ್ ಮಾತ್ ಹೇಳ್ತೀನಿ ಸಾ. ಈಗೀಗ ಮನೆಗ್ ಬಂದ್ರೆ ಸ್ಕೂಲಿಂದೇ ಮಾತು ಅವನ್ದು. ಉಣ್ಣೋಕೂ ಬಿಡಲ್ಲ, ಅದ್ಯಾಕೆ ಇದ್ಯಾಕೆ ಅಂತ ಜೀವ ತಿಂತಾನೆ. ನಾನ್ ಹಂಗೆ ಒಂದ್ ದಿನಾನೂ ಇರ್ಲಿಲ್ಲ. ಬ್ಯಾಂಕ್ ಮ್ಯಾನೇಜರ್ ಎದ್ರಿಗೆ ಮೇಜು ಕುಟ್ಟಿ ಮಾತಾಡ್ತೀನಿ, ಆ ರೂಮೊಳಗೆ ಕಾಲಿಟ್ರೆ ಇವತ್ಗೂ ಬಾಯಿ ಒಣಗ್ತದೆ. ನೀವು ನಂಗೆ ಒಂದೇಟೂ ಹೊಡ್ದಿಲ್ಲ ಸಾ. ಹೊಡ್ದಿದ್ರೆ ನಮ್ಮವ್ವನ್ ಹತ್ರ ಹೇಳ್ಕಂಡು ಅಳ್ತಿದ್ದೆ. ಹೇಳ್ಕಳಾಕೂ ಏನೂ ಇರ್ಲಿಲ್ವಲ್ಲ."

ಬಿಇಒ ಸಾಹೇಬರು ಮೋರಿಯ ಇನ್ನೊಂದು ಕಟ್ಟೆಯ ಮೇಲೆ ಕೂತುಬಿಟ್ಟರು. ರುದ್ರಪ್ಪ ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಕಡೆಗೆ, "ನಾನು ಹೇಳಿದ್ದೆ ಅನ್ಸುತ್ತೆ ಗಿರಿಜಾ ಮಿಸ್" ಎಂದರು.

ಮರುದಿನ ಪ್ರಾರ್ಥನೆಯಲ್ಲಿ ಅವರು ಶುಭ್ರವಾದ ಬಿಳಿ ಪಂಚೆ ಉಟ್ಟು, ಧ್ವಜ ಹಾರಿಸುವವರ ಹಾಗೆ ನೆಟ್ಟಗೆ ನಿಂತು ಘೋಷಿಸಿದರು. "ಶಾಲೆಯಲ್ಲಿ ಮಾತಾಡಬಾರದು ಎಂಬ ನಿಯಮವನ್ನು ನಾನೇ ಮಾಡಿದ್ದೆ. ಅದು ತಪ್ಪು ನಿಯಮ. ಇಂದಿನಿಂದ ರದ್ದಾಗಿದೆ."

ಅಂಗಳ ಎಂದಿಗಿಂತ ಹೆಚ್ಚು ನಿಶ್ಶಬ್ದವಾಯಿತು. ಮೂರನೇ ಸಾಲಿನಿಂದ ಒಂದು ದನಿ ಬಂತು.

"ಸಾ, ಪ್ರಾರ್ಥನೆ ಟೈಮಲ್ಲೂನಾ?"

ಚೆಲುವಿ ಗೇಟಿನ ಒಳಗೆ ಆಡಿದ ಮೊದಲ ಮಾತು ಅದು. ಮಕ್ಕಳು ನಕ್ಕವು. ಈ ನಗುವನ್ನು ಶುರು ಮಾಡಲು ಯಾರೂ ಹೇಳಿರಲಿಲ್ಲ, ನಿಲ್ಲಿಸಲು ಮೇಷ್ಟ್ರಿಂದಲೂ ಆಗಲಿಲ್ಲ. ಅವರು ನಿಲ್ಲಿಸುವ ಪ್ರಯತ್ನವನ್ನೂ ಮಾಡಲಿಲ್ಲ.

ಆಮೇಲೆ ಎಲ್ಲವೂ ಸುಸೂತ್ರವಾಯಿತು ಎಂದುಕೊಳ್ಳಬೇಡಿ. ಒಂದು ತಿಂಗಳು ನಮ್ಮ ಶಾಲೆ ಸಂತೆಯಾಗಿತ್ತು, ನನ್ನ ಗಂಟಲು ಕೂತು ಹೋಯಿತು. ಬಿಇಒ ಸಾಹೇಬರು ನೋಟೀಸನ್ನೂ ಕಳಿಸಿದರು. ಸಾರ್ವಜನಿಕ ಸಂಚಾರಕ್ಕೆ ಅಡ್ಡಿಪಡಿಸಿದ್ದಕ್ಕೆ ಕಾರಣ ಕೇಳಿದ್ದರು. ಆ ರಸ್ತೆಯಲ್ಲಿ ಸಂಚಾರವೆಂದರೆ ಬಸ್ಸು ಮತ್ತು ಮಲ್ಲೇಶನ ಹಸು. ಒಂದೆರಡು ಮನೆಯವರು ಮಕ್ಕಳನ್ನು ವ್ಯಾನಿಗೆ ಹತ್ತಿಸಿಯೇಬಿಟ್ಟರು. ಆದರೆ ಮಲ್ಲೇಶ ಮಗನನ್ನು ಬಿಡಿಸಲಿಲ್ಲ, ಅವನನ್ನು ನೋಡಿ ಉಳಿದವರೂ ಬಿಡಿಸಲಿಲ್ಲ. ಶಾಲೆ ಇವತ್ತಿಗೂ ಇದೆ. ಚೆಲುವಿ ಈಗ ಹಾಸನದಲ್ಲಿ ನರ್ಸ್. ಅವಳ ವಾರ್ಡಿನಲ್ಲಿ ರೋಗಿಗಳಿಗೆ ವಿಶ್ರಾಂತಿ ಸಿಗುವುದಿಲ್ಲವೆಂದು ದೂರುಗಳಿವೆಯಂತೆ. ಬಿಡುಗಡೆಯಾದವರು ಅವಳನ್ನು ನೋಡಲೆಂದೇ ವಾಪಸು ಬರುತ್ತಾರಂತೆ.

ರುದ್ರಪ್ಪ ಮೇಷ್ಟ್ರು ನಿವೃತ್ತರಾಗುವ ವರ್ಷ ಒಂದು ದಿನ ನನ್ನನ್ನು ಕೇಳಿದರು. "ಮಿಸ್, ಚೆಲುವಿ ಸಿಕ್ಕಳು, ಮಲ್ಲೇಶ ಸಿಕ್ಕ. ಅದಕ್ಕೆ ಮುಂಚೆ ಇನ್ನೆಷ್ಟು ಮಕ್ಕಳು ಏನೋ ಹೇಳೋದಿಟ್ಟುಕೊಂಡು ಹಾಗೇ ಹೋಗಿರಬಹುದು?"

ನಿವೃತ್ತಿಯಾದ ಮೇಲೆ ಅವರು ಹಳೆಯ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಹೋಗತೊಡಗಿದರು. ಹೋಗಿ ಕೂತು, "ನನ್ನ ಹತ್ತಿರ ಆಗ ಏನಾದರೂ ಹೇಳೋದಿತ್ತೇನಪ್ಪ?" ಎಂದು ಕೇಳುವುದು. ಅವರು ಬರುವುದು ಕಂಡರೆ ಕೆಲವರು ಹಿಂಬಾಗಿಲಿನಿಂದ ತೋಟಕ್ಕೆ ಇಳಿಯುತ್ತಿದ್ದರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ಒಬ್ಬ ರೈಟರ್ ಸ್ಟೋರಿನೊಳಗೆ ಮೂಟೆಗಳ ಹಿಂದೆ ಅಡಗಿ ಕೂತಿದ್ದನಂತೆ. ಇನ್ನು ಕೆಲವರು ಸಂಜೆಯವರೆಗೂ ಮಾತಾಡಿ, ಊಟ ಹಾಕಿ ಕಳಿಸುತ್ತಿದ್ದರು.

ಒಂದು ಸಲ ನಾನೂ ಜೊತೆಗಿದ್ದೆ. ದೋಣಿಗಲ್ ಹತ್ತಿರ, ಹೆದ್ದಾರಿಯ ಪಕ್ಕ, ಶಿವಣ್ಣ ಎಂಬವನ ಪಂಕ್ಚರ್ ಅಂಗಡಿ. ಆಳೆತ್ತರದ ಮನುಷ್ಯ, ಕಿವಿಯವರೆಗೆ ಮೀಸೆ. ಲಾರಿಯ ಟೈರನ್ನು ಒಬ್ಬನೇ ಎತ್ತುತ್ತಿದ್ದ. ಮೇಷ್ಟ್ರನ್ನು ಕಂಡವನೇ ಟೈರು ಬಿಟ್ಟು, ಕೈ ಒರೆಸಿಕೊಂಡು, ಕಾಲಿಗೆ ಬಿದ್ದ. ಸ್ಟೂಲು ತಂದಿಟ್ಟ, ಟೀ ತರಿಸಿದ. ಮೇಷ್ಟ್ರು ತಮ್ಮ ಪ್ರಶ್ನೆ ಕೇಳಿದರು.

"ಅಯ್ಯೋ, ಏನೂ ಇಲ್ಲ ಬುಡಿ ಸಾ."

"ನೆನಪು ಮಾಡಿಕೋ. ಏನಿದ್ದರೂ ಹೇಳು. ನಾನು ಕೇಳೋಕೇ ಬಂದಿದ್ದೀನಿ."

ಶಿವಣ್ಣ ತಲೆ ತಗ್ಗಿಸಿದ. ಎದುರು ಲಾರಿಗಳು ಘಾಟಿ ಇಳಿಯುತ್ತಿದ್ದವು. ಅಷ್ಟು ದೊಡ್ಡ ಮನುಷ್ಯನ ಕಿವಿಗಳು ಕೆಂಪಾದವು.

"ಎರಡ್ನೇ ಕ್ಲಾಸಲ್ಲಿ... ಒಂದಿನ... ಒಂದಕ್ಕೆ ಹೋಗ್ಬೇಕಿತ್ತು ಸಾ. ಕೇಳಾಕೆ ಭಯ ಆಗಿ ಹಂಗೇ ಕೂತಿದ್ದೆ. ಆಮೇಲೆ ಅಲ್ಲೇ... ಎಲ್ಲಾ ನಕ್ಬುಟ್ರು."

ನನಗೆ ನಗು ಬರಲಿಲ್ಲ. ರುದ್ರಪ್ಪ ಮೇಷ್ಟ್ರು ಟೀ ಲೋಟ ಕೆಳಗಿಟ್ಟು ಎದ್ದು, ಅವನ ಹತ್ತಿರ ಹೋಗಿ ಬೆನ್ನ ಮೇಲೆ ಕೈಯಿಟ್ಟರು.

"ಹೋಗಿ ಬಾರಪ್ಪ" ಎಂದರು.

ಶಿವಣ್ಣ ಅವರ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಅಷ್ಟು ದೊಡ್ಡ ಮನುಷ್ಯ ಕಿರುಬೆರಳೆತ್ತಿ ತೋರಿಸಿ, ಅಂಗಡಿಯ ಹಿಂದಕ್ಕೆ ಓಡಿಹೋದ.